ಉಸಿರು ಸರಿ ಇತ್ತು, ಕಾಲು ಕೇಳಲಿಲ್ಲ

ಆ ಭಾನುವಾರ ಬೆಳಗ್ಗೆ ನಾನು ಮೆಟ್ಟಿಲು ಇಳಿದದ್ದು ಏಡಿಯ ಹಾಗೆ, ಅಡ್ಡಡ್ಡ. ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಹಿಂದಿನ ಸಂಜೆ ಐದು ಸೆಟ್ ಸ್ಕ್ವಾಟ್, ಅಂದರೆ ಭಾರ ಹೊತ್ತು ಕೂತು ಏಳುವುದು, ಮಾಡಿದ್ದೆ. ಕೊನೆಯ ಸೆಟ್‌ಗೆ ಇನ್ನೊಂದು 5 ಕಿಲೋ ಏರಿಸಿದ್ದೆ, ಸುಮ್ನೆ, ಆಗುತ್ತಾ ನೋಡೋಣ ಅಂತ. ಆಯಿತು. ತೊಡೆ ಮಾತ್ರ ಕಲ್ಲಾಗಿತ್ತು.

ಆದರೂ ಓಡಲು ಹೊರಟೆ. ಚಾರ್ಟ್‌ನಲ್ಲಿ 10 ಕಿಲೋಮೀಟರ್ ಅಂತ ಬರೆದಿತ್ತಲ್ಲ! ಆ ಚಾರ್ಟ್ ಬರೆದವನೂ ನಾನೇ. ವಾರಕ್ಕೆ ಮೂರು ದಿನ ತೂಕ ಎತ್ತುವುದು, ನಾಲ್ಕು ದಿನ ಓಟ. ಕೂಡಿಸಿದರೆ ಏಳು. ವಾರಕ್ಕಿರುವುದೂ ಏಳೇ ದಿನ ಅನ್ನುವುದು ಬರೆಯುವಾಗ ಹೊಳೆದಿರಲಿಲ್ಲ.

ಮೊದಲ ಮೂರು ಕಿಲೋಮೀಟರ್ ಚೆನ್ನಾಗೇ ಹೋಯಿತು. ಮೈ ಬಿಸಿಯಾದಂತೆ ತೊಡೆಯೂ ಸಡಿಲವಾಯಿತು. ಎರಡು ತಿಂಗಳ ಹಿಂದೆ ಇಷ್ಟಕ್ಕೇ ಏದುಸಿರು ಬಿಡುತ್ತಿದ್ದೆ, ಈಗ ಹಾಡು ಗುನುಗುವಷ್ಟು ಉಸಿರಿತ್ತು. ಆರನೇ ಕಿಲೋಮೀಟರ್‌ನಲ್ಲಿ ಬಲಗಾಲಿನ ಕಣಕಾಲ ಮೂಳೆಯ ಒಳಬದಿಗೆ ಏನೋ ಕಚ್ಚಿದ ಹಾಗಾಯಿತು. ಅಲ್ಲೇ ಎರಡು ವಾರದಿಂದ ಸಣ್ಣಗೆ ನೋಯುತ್ತಿತ್ತು. ಓಡುತ್ತಾ ಓಡುತ್ತಾ ಹೋಗಿಬಿಡುತ್ತಿತ್ತು, ನಾನೂ ಮರೆಯುತ್ತಿದ್ದೆ. ಈ ಸಲ ಹೋಗಲಿಲ್ಲ. ಕುಂಟಿಕೊಂಡು ವಾಪಸ್ ನಡೆದೆ.

ಮನೆಗೆ ಬಂದು ಹೆಬ್ಬೆರಳಿಂದ ಆ ಮೂಳೆಯ ಅಂಚು ಒತ್ತುತ್ತಾ ಹೋದೆ. ಹೆಚ್ಚುಕಡಿಮೆ ಒಂದು ಗೇಣು ಉದ್ದಕ್ಕೂ ನೋವು. ಮಾರನೇ ದಿನ ಫಿಸಿಯೊಥೆರಪಿಸ್ಟ್ ಕೂಡ ಹಾಗೇ ಒತ್ತಿ ನೋಡಿದರು.

"ಉದ್ದಕ್ಕೂ ನೋಯುತ್ತಾ, ಇಲ್ಲ ಒಂದೇ ಕಡೆನಾ?"

ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಅನುಮಾನವಂತೆ. ನನ್ನದು ಅದಲ್ಲ, ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಅತಿಯಾಗಿ ಕಣಕಾಲ ಮೂಳೆಯ ಅಂಚಿನುದ್ದಕ್ಕೂ ಬರುವ ನೋವು. ಎಷ್ಟು ದಿನದಿಂದ ಓಡುತ್ತಿದ್ದೀರಿ ಅಂತ ಕೇಳಿದರು. ಎರಡು ತಿಂಗಳು ಅಂದೆ. "ಎದೆ ರೆಡಿ ಆಗಿದೆ, ಮೂಳೆ ಇನ್ನೂ ಆಗಿಲ್ಲ" ಅಂದರು.

ಆ ಮಾತು ತಲೆಯಲ್ಲೇ ಉಳಿಯಿತು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಾನೋ, ಉಸಿರನ್ನು ನಂಬಿ ದೂರ ಹೆಚ್ಚಿಸುತ್ತಾ ಹೋಗಿದ್ದೆ. ಅದೂ ಸ್ಕ್ವಾಟ್‌ನಿಂದ ದಣಿದ ಕಾಲಿನಲ್ಲಿ.

ಮಲಗಿದಲ್ಲೇ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು 10 ವಾರ ಕೆಲವರಿಗೆ ಬರೀ ತೂಕ, ಕೆಲವರಿಗೆ ಬರೀ ಕಾರ್ಡಿಯೊ (ಓಟ, ಸೈಕಲ್‌ನಂಥ ಉಸಿರು ಏರಿಸುವ ವ್ಯಾಯಾಮ), ಕೆಲವರಿಗೆ ಎರಡನ್ನೂ ಮಾಡಿಸಿದರು. ಎರಡೂ ಮಾಡಿದವರ ಶಕ್ತಿ ಮೊದಲು ಬರೀ ತೂಕ ಎತ್ತಿದವರಂತೆಯೇ ಏರಿತು, ಕೊನೆಯ ವಾರಗಳಲ್ಲಿ ಇಳಿಯತೊಡಗಿತು. ಅವರದು ವಾರಕ್ಕೆ ಐದು ದಿನ ತೂಕ, ಆರು ದಿನ ಕಾರ್ಡಿಯೊ. ಯಾರಪ್ಪಾ ಅಷ್ಟು ಮಾಡ್ತಾರೆ ಅಂದುಕೊಂಡೆ. ಆಮೇಲೆ ನನ್ನ ಚಾರ್ಟ್ ನೆನಪಾಯಿತು. ಆ ಸಂಜೆಯ 5 ಕಿಲೋ ಬಿಟ್ಟರೆ, ಒಂದು ತಿಂಗಳಿಂದ ನನ್ನ ಸ್ಕ್ವಾಟ್ ನಿಂತಲ್ಲೇ ನಿಂತಿದ್ದೂ ನೆನಪಾಯಿತು. ಸೋಮಾರಿತನ ಜಾಸ್ತಿಯಾಯಿತು ಅಂತ ನನ್ನನ್ನೇ ಬೈದುಕೊಂಡಿದ್ದೆ!

ಮೂರು ವಾರ ಓಟ ಬಂದ್. ಆಮೇಲೆ ಶುರು ಮಾಡಿದ್ದು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಈಗ ತೂಕ ಎರಡು ದಿನ, ಓಟ ಎರಡು ದಿನ. ಸ್ಕ್ವಾಟ್‌ನ ಮಾರನೇ ದಿನ ಓಡುವುದಿಲ್ಲ, ಬೇಕೆನಿಸಿದರೆ ಸೈಕಲ್ ತುಳಿಯುತ್ತೇನೆ. ಅದರಲ್ಲಿ ಕಾಲು ನೆಲಕ್ಕೆ ಬಡಿಯುವುದಿಲ್ಲ ನೋಡಿ. ಎರಡೂ ಒಂದೇ ದಿನ ಬಿದ್ದರೆ ಬೆಳಗ್ಗೆ ತೂಕ, ಸಂಜೆ ನಿಧಾನದ ಓಟ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಕಾರ್ಡಿಯೊ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕ ಹಾಕಿದರೆ ನನ್ನದು ಆರಾಮಾಗಿ ಅಷ್ಟಾಗುತ್ತದೆ.

ಬೋರ್ ಹೊಡೆಸುವ ಕೆಲಸ ಅಂದರೆ ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ಮೂರು ಎಣಿಸುತ್ತಾ ಹಿಮ್ಮಡಿ ಇಳಿಸುವುದು. ಅದನ್ನು ಮಾತ್ರ ತಪ್ಪಿಸುವುದಿಲ್ಲ. ಸಾಕ್ಸ್ ಹಾಕುವ ಮುಂಚೆ ಈಗಲೂ ಹೆಬ್ಬೆರಳು ತಾನಾಗಿ ಆ ಮೂಳೆಯ ಅಂಚಿಗೆ ಹೋಗುತ್ತದೆ. ಒಂದು ಸಲ ಒತ್ತಿ ನೋಡಿಯೇ ಶೂ ಕಟ್ಟುತ್ತೇನೆ.