ಕಣ್ಣು ನೋಡಿ ಕೊಯ್ಯಿ

1999ರ ಮೇ ತಿಂಗಳು. ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ಬಸ್ಸು ಹತ್ತಿ ಹಾಸನದ ಹತ್ತಿರದ ಶಾಂತಿಗ್ರಾಮದಲ್ಲಿ ಇಳಿದೆ. ಅಲ್ಲಿಂದ ಅಜ್ಜಿ ಮನೆಗೆ ಅರ್ಧ ಗಂಟೆ ನಡಿಗೆ. ಪ್ರತಿ ಬೇಸಿಗೆಯಂತೆ ಮಾವಿನಕಾಯಿ, ಕೆರೆ ಏರಿ, ಮಧ್ಯಾಹ್ನದ ಚೌಕಾಬಾರ ಅಂದುಕೊಂಡೇ ಹೋಗಿದ್ದೆ. ನೋಡಿದರೆ ಪಡಸಾಲೆಯಲ್ಲಿ ಕಾಲಿಡೋಕೆ ಜಾಗವಿಲ್ಲ. 50 ಕೆ.ಜಿ.ಯ 12 ಮೂಟೆ ಬಿತ್ತನೆ ಆಲೂಗಡ್ಡೆ. ಒಂದು ಎಕರೆಗೆ ಅಷ್ಟು ಬೇಕು.

ಭರಣಿ ಮಳೆ ಚೆನ್ನಾಗಿ ಬಿದ್ದಿತ್ತು. "ಭರಣಿ ಬಂದರೆ ಧರಣಿಯೆಲ್ಲ ಬೆಳೆ" ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಲ ಉತ್ತು ಹದ ಮಾಡಿ ಆಗಿತ್ತು. ಮೂಟೆಯ ಮೇಲೆ ಜಲಂಧರ್ ಅಂತ ಬರೆದಿತ್ತು. ಪಂಜಾಬಿನಿಂದ ಹಾಸನದ ಮಾರ್ಕೆಟ್ಟಿಗೆ ಲಾರಿಯಲ್ಲಿ ಬಂದ ಗೆಡ್ಡೆ. ನಮ್ಮ ಹೊಲದ್ದನ್ನೇ ಯಾಕೆ ಬಿತ್ತಬಾರದು ಅಂತ ಕೇಳಿದೆ. "ಅಲ್ಲಿ ಚಳಿಗಾಲದಲ್ಲಿ ಬೆಳೀತಾರೆ ಕಣವ್ವ. ರೋಗ ಹರಡೋ ಗಿಡದ ಹೇನು ಆಗ ಕಮ್ಮಿ. ನಮ್ದನ್ನೇ ಬಿತ್ತುತಾ ಹೋದ್ರೆ ರೋಗ ಜಾಸ್ತಿ, ಇಳುವರಿ ಇಲ್ಲ" ಅಂದರು ಮಾವ.

ಅವತ್ತು ಅತ್ತೆಯ ಕಿವಿ ನೋಡಿದೆ. ಓಲೆ ಇರಲಿಲ್ಲ. ತೂತು ಮುಚ್ಚಿಕೊಳ್ಳಬಾರದು ಅಂತ ಪೊರಕೆ ಕಡ್ಡಿ ಮುರಿದು ಹಾಕಿಕೊಂಡಿದ್ದರು.

"ಓಲೆ ಎಲ್ಲತ್ತೆ?"

"ಪಾಲಿಶ್‌ಗೆ ಕೊಟ್ಟಿದ್ದೀನಿ ಕಣೆ."

ಮಾರನೇ ದಿನ ಗೆಡ್ಡೆ ಕೊಯ್ಯೋಕೆ ಊರಿನ ನಾಲ್ಕು ಹೆಂಗಸರು ಬಂದರು. ನಾನೂ ಕೂರ್ತೀನಿ ಅಂತ ಹಟ ಮಾಡಿದೆ. ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗೆಡ್ಡೆಯನ್ನು ಅಂಗೈಲಿ ನಿಧಾನವಾಗಿ ತಿರುಗಿಸಿ ತೋರಿಸಿದರು. ಒಂದು ತುದಿಯಲ್ಲಿ ಬಳ್ಳಿಗೆ ಅಂಟಿಕೊಂಡಿದ್ದ ಗುರುತು. ಇನ್ನೊಂದು ತುದಿಯಲ್ಲಿ ಸಣ್ಣ ಸಣ್ಣ ಕುಳಿಗಳು ಒತ್ತೊತ್ತಾಗಿ. ಒಂದೊಂದು ಕುಳಿಯಲ್ಲೂ ಅಕ್ಕಿಕಾಳಿಗಿಂತ ಚಿಕ್ಕ ಮೊಳಕೆ, ನಸು ನೇರಳೆ ಬಣ್ಣದ್ದು. "ಇದು ಕಣ್ಣು. ಮೇಲಿನ ತುದೀಲೇ ಜಾಸ್ತಿ ಇರ್ತವೆ. ಅದಕ್ಕೇ ಅಡ್ಡ ಕೊಯ್ಯಬೇಡ, ಉದ್ದಕ್ಕೆ ಕೊಯ್ಯಿ. ಹೋಳಿಗೆ ಎರಡು ಕಣ್ಣಾದ್ರೂ ಬರಬೇಕು. ಕುರುಡು ಹೋಳು ಮೊಳೆಯಲ್ಲ." ಕೊಳೆತ ಗೆಡ್ಡೆಗೆ ಚಾಕು ತಾಗಿದರೆ ಔಷಧಿ ಕಲಸಿದ ಬಕೆಟ್ಟಿಗೆ ಅದ್ದಿ ಆಮೇಲೆ ಮುಂದಿನದು. ಕೊಯ್ದ ಹೋಳುಗಳಿಗೆ ಬೂದಿ ಸವರಿ ನೆರಳಿನಲ್ಲಿ ಹರವಬೇಕು. ಇಷ್ಟೇ ಕೆಲಸ.

ಮಧ್ಯಾಹ್ನದವರೆಗೆ ಸರಿಯಾಗೇ ಮಾಡಿದೆ. ಊಟ ಆದಮೇಲೆ ಹೆಂಗಸರ ಮಂಕರಿಗಳು ಬೇಗ ಬೇಗ ತುಂಬುತ್ತಿದ್ದವು, ನನ್ನದು ಅರ್ಧವೂ ಆಗಿರಲಿಲ್ಲ. "ಬೆಂಗಳೂರಮ್ಮಂಗೆ ಸುಸ್ತಾಯ್ತೇನೋ" ಅಂತ ಯಾರೋ ಅಂದರು. ಪ್ರೀತಿಯಿಂದಲೇ ಅಂದಿದ್ದು. ನನಗೆ ಮಾತ್ರ ರೋಷ ಬಂತು. ಕಣ್ಣು ನೋಡೋದು ಬಿಟ್ಟು ಸಿಕ್ಕಿದ ಹಾಗೆ ಅಡ್ಡಡ್ಡ ಕೊಯ್ದೆ. ನಡುವೆ ಒಂದು ಗೆಡ್ಡೆ ಚಾಕು ಇಟ್ಟ ಕೂಡಲೇ ಪಿಚಕ್ ಅಂತು. ಒಳಗೆಲ್ಲ ಕಂದು ಲೋಳೆ, ಕೆಟ್ಟ ವಾಸನೆ. ಅದನ್ನು ಹಿಂದಕ್ಕೆ ಎಸೆದು ಚಾಕುವನ್ನು ಲಂಗಕ್ಕೆ ಒರೆಸಿಕೊಂಡೆ. ಬಕೆಟ್ಟು ದೂರದಲ್ಲಿತ್ತು. ಸಾಯಂಕಾಲದ ಹೊತ್ತಿಗೆ ನನ್ನ ಮಂಕರಿ ತುಂಬಿತ್ತು. ಎಲ್ಲರೂ ಭೇಷ್ ಅಂದರು.

ರಾತ್ರಿ ಕರೆಂಟ್ ಹೋಗಿತ್ತು. ಅಜ್ಜಿ ಪಕ್ಕ ಮಲಗಿದ್ದೆ. ಆಚೆ ಜಗಲಿಯಲ್ಲಿ ಮಾವ ಅತ್ತೆ ಮಾತಾಡುತ್ತಿದ್ದರು. "ಗೌರಿ ಹಬ್ಬದ ಒಳಗೆ ಬಿಡಿಸ್ಕೊಡ್ತೀನಿ" ಅಂದರು ಮಾವ. "ಮೊದಲು ಬೆಳೆ ಕೈಗೆ ಬರಲಿ ಬಿಡಿ, ಕಿವಿ ಎಲ್ಲಿಗೂ ಓಡಿಹೋಗಲ್ಲ" ಅಂದರು ಅತ್ತೆ.

ಆಗ ಗೊತ್ತಾಯಿತು. ಆ ಓಲೆ ಗಿರವಿ ಅಂಗಡಿಯಲ್ಲಿತ್ತು. ಓಲೆಯ ದುಡ್ಡೇ ಪಡಸಾಲೆಯಲ್ಲಿ ಹೋಳು ಹೋಳಾಗಿ ಹರಡಿಕೊಂಡಿತ್ತು. ಅದರಲ್ಲಿ ಒಂದು ಮಂಕರಿ ನಾನು ಕೊಯ್ದದ್ದು. ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು. ಮಾವ ಮಲಗಿದ ಮೇಲೆ ಎದ್ದು ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅಳು ಬಂದು ಅರ್ಧ ಮಾತು ಹೊರಡಲೇ ಇಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಅಂತ ಈಗಲೂ ಅನಿಸುತ್ತೆ. "ಯಾವ ಕಡೆ ಸುರಿದೆ?" ಅಂತಷ್ಟೇ ಕೇಳಿ ಲಾಟೀನು ಹಚ್ಚಿದರು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೋಳನ್ನು ಬೆಳಕಿಗೆ ಹಿಡಿದು ನೋಡಿದೆವು. ಬೂದಿ ಒರೆಸಿ, ಕಣ್ಣಿದ್ದರೆ ಈ ಕಡೆ, ಇಲ್ಲದಿದ್ದರೆ ಬಾಂಡ್ಲಿಗೆ. ಬಣ್ಣ ಕೆಟ್ಟದ್ದು ತಿಪ್ಪೆಗೆ. ಕೋಳಿ ಕೂಗೋ ಹೊತ್ತಿಗೆ ಬಾಂಡ್ಲಿ ಮುಕ್ಕಾಲು ತುಂಬಿತ್ತು. ಅದನ್ನು ಅತ್ತೆ ತೊಳೆದು ಹಸುವಿನ ಮುಂದೆ ಸುರಿದರು. ಕೆಲಸ ಮಾಡುತ್ತಲೇ ಅವರು ಹಿಂದಿನ ವರ್ಷ ರೇಟು ಬಿದ್ದಿದ್ದು, ಸೊಸೈಟಿ ಸಾಲ ತೀರದೇ ಇದ್ದಿದ್ದು ಎಲ್ಲ ಹೇಳಿದರು. ದೊಡ್ಡವರ ಹತ್ತಿರ ಹೇಳೋ ಹಾಗೇ ಹೇಳಿದರು. ಅಲ್ಲಿಯವರೆಗೆ ನನ್ನ ಹತ್ತಿರ ಯಾರೂ ಹಾಗೆ ಮಾತಾಡಿರಲಿಲ್ಲ. "ನಿಮ್ಮಮ್ಮಂಗೆ ಹೇಳಬೇಡ. ನಿಮ್ಮ ಮಾವ ನೊಂದ್ಕೋತಾರೆ" ಅಂದರು. ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಬಿತ್ತನೆ. ಮಾವನ ನೇಗಿಲ ಹಿಂದೆ ಸಾಲಿನಲ್ಲಿ ಗೇಣಿಗೊಂದು ಹೋಳು ಇಡುತ್ತಾ ಹೋದೆ, ಕಣ್ಣು ಮೇಲೆ ಮಾಡಿ. ಮೊಳಕೆ ಬರೋ ಮೊದಲೇ ಸ್ಕೂಲು ಶುರುವಾಯಿತು.

ಗೌರಿ ಹಬ್ಬಕ್ಕೆ ಮಾವ ಅಮ್ಮನಿಗೆ ಬಾಗಿನ ತಂದರು. ಜೊತೆಗೆ ಒಂದು ಸಣ್ಣ ಚೀಲ ಆಲೂಗಡ್ಡೆ. ಜುಲೈ ಕೊನೆಯಲ್ಲಿ ವಾರಗಟ್ಟಲೆ ಜಡಿಮಳೆ ಹಿಡಿದು ಅಂಗಮಾರಿ ರೋಗ ಬಂದಿತ್ತಂತೆ. ಎಲೆಗಳೆಲ್ಲ ಬಿಸಿನೀರು ಹುಯ್ದ ಹಾಗೆ ಕಪ್ಪಾಗಿ, ಅರ್ಧ ಬೆಳೆಯೂ ಕೈಗೆ ಬಂದಿರಲಿಲ್ಲ. ಅಮ್ಮ ಒಳಗೆ ಹೋದಾಗ ಮೆಲ್ಲಗೆ ಕೇಳಿದೆ.

"ನನ್ನ ಚಾಕುವಿಂದ ಬಂತಾ ಮಾವ?"

ಮಾವ ನನ್ನನ್ನೇ ನೋಡಿದರು. ಅತ್ತೆ ಅವರಿಗೆ ಹೇಳಿಯೇ ಇರಲಿಲ್ಲ ಅಂತ ಆಗ ತಿಳಿಯಿತು. ನಾನೇ ಎಲ್ಲ ಹೇಳಿದೆ. ತಲೆ ಸವರಿ, "ಊರಿಗೂರೇ ಹಂಗಾಗಿದೆ ಕಣವ್ವ. ಮೋಡ ಬಿಡಲೇ ಇಲ್ಲ" ಅಂದರು. ಓಲೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಪಲ್ಯಕ್ಕೆ ಹೆಚ್ಚು ಅಂತ ಅಮ್ಮ ಆ ಚೀಲದ್ದೇ ನಾಲ್ಕು ಗೆಡ್ಡೆ ಕೊಟ್ಟರು. ಕೈಯಲ್ಲಿ ತಿರುಗಿಸಿ ನೋಡಿದೆ. ಆಮೇಲೆ ಉದ್ದಕ್ಕೆ ಕೊಯ್ದೆ. "ಪಲ್ಯಕ್ಕೆ ಯಾರೇ ಹಿಂಗೆ ಹೆಚ್ತಾರೆ?" ಅಂದರು ಅಮ್ಮ. ಮಾವ ಪಕ್ಕ ಬಂದು ಕೂತು ಇನ್ನೊಂದು ಗೆಡ್ಡೆ ತಗೊಂಡರು.