ಬಾಗೇಪಲ್ಲಿ, ಚಿಂತಾಮಣಿ ಕಡೆ ಹಳೇ ತೊಗಲುಗೊಂಬೆ ಹುಡುಕಿ ಹೋಗುವವರಿಗೆ

ಪರದೆಯ ಹಿಂದೆ ದೀಪ ಇಟ್ಟು ಆಡಿಸುವ ಚರ್ಮದ ಗೊಂಬೆಗಳನ್ನು ಸೇರಿಸುವವನು ನಾನು. ನಮ್ಮ ಮನೆ ಗೋಡೆಯ ಮೇಲೆ ಜಾವಾದ ವಯಾಂಗ್ ಗೊಂಬೆ ಇದೆ, ಎಮ್ಮೆ ಚರ್ಮದ್ದು. ಟರ್ಕಿಯ ಕರಗೋಜ್ ಇದೆ, ಅದು ಒಂಟೆ ಚರ್ಮ. ಚೀನಾದ್ದೂ ಒಂದಿದೆ. ಎಲ್ಲ ಸೇರಿಸಲು 15 ವರ್ಷ ಹಿಡಿಯಿತು. ನಮ್ಮದೇ ನಾಡಿನ ತೊಗಲುಗೊಂಬೆ ಮಾತ್ರ ಇರಲಿಲ್ಲ. ಅದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ರಜೆ ಹಾಕಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊರಟೆ.

ಮೊದಲ ದಿನವೇ ಮೋಸ ಹೋದೆ. ಹೆದ್ದಾರಿ ಪಕ್ಕದಲ್ಲಿ ಹಳೇ ಸಾಮಾನಿನ ಅಂಗಡಿ. 150 ವರ್ಷದ ಹನುಮಂತ, ಇದೇ ಸೀಮೆಯ ಗೊಂಬೆ ಅಂದರು. ಕಂದು ಬಣ್ಣಕ್ಕೆ ತಿರುಗಿತ್ತು, ಅಂಚು ಹರಿದಿತ್ತು. 14,000 ರೂಪಾಯಿ ಕೊಟ್ಟೆ. ರಸೀದಿ ಕೇಳಿದರೆ ಚೀಟಿಯಲ್ಲಿ ಬರೀ ಮೊತ್ತ ಬರೆದು ಕೊಟ್ಟರು.

ನಿಜ ಗೊತ್ತಾಗಿದ್ದು ಚೇಳೂರು ಕಡೆಯ ಒಂದು ಹಳ್ಳಿಯಲ್ಲಿ, ಗೊಂಬೆಯಾಟದವರ ಮನೆಯಲ್ಲಿ. ಅವರು ಕಿಳ್ಳೇಕ್ಯಾತರು, ತಲೆತಲಾಂತರದಿಂದ ತೊಗಲುಗೊಂಬೆ ಆಡಿಸುತ್ತಾ ಬಂದ ಸಮುದಾಯ. ಮನೆಯೊಳಗೆ ಮರಾಠಿ ಬೆರೆತ ಮಾತು, ಆಟದಲ್ಲಿ ಕನ್ನಡ, ತೆಲುಗು ಎರಡೂ. ಮನೆಯ ಹಿರಿಯರು ನನ್ನ ಹನುಮಂತನನ್ನು ಬಲ್ಬಿನ ಮುಂದೆ ಹಿಡಿದರು. ಕೋಲು ಕಟ್ಟುವ ತೂತುಗಳನ್ನು ಉಗುರಿನಿಂದ ತೋರಿಸಿದರು. ಅಂಚು ಹರಿತವಾಗಿತ್ತು, ದಾರ ಉಜ್ಜಿದ ಗುರುತೇ ಇಲ್ಲ. ಆಮೇಲೆ ತಮ್ಮ ಅಜ್ಜನ ಕಾಲದ ಗೊಂಬೆ ತಂದು ಪಕ್ಕದಲ್ಲಿ ಹಿಡಿದರು. ಅದರ ತೂತುಗಳು ಹಿಗ್ಗಿ ಉದ್ದವಾಗಿದ್ದವು. ದೀಪದ ಕಡೆಯ ಮೈಗೆ ಮಸಿ ಹತ್ತಿತ್ತು, ಮೂಸಿದರೆ ಎಣ್ಣೆ, ಹೊಗೆ. ನನ್ನದು ಬೂಟ್ ಪಾಲಿಶ್ ವಾಸನೆ. ಮೊಣಕೈ, ಮೊಣಕಾಲು ಎಲ್ಲ ಬಿಡಿಬಿಡಿಯಾಗಿ ಆಡುವ ದೊಡ್ಡ ಗೊಂಬೆ ನನ್ನ ಹನುಮಂತ, ಆಂಧ್ರದ ರೀತಿ. ನಮ್ಮ ಕಡೆಯವು ಸಾಮಾನ್ಯವಾಗಿ ಚಿಕ್ಕವು. ಎಷ್ಟೋ ಸಲ ಇಡೀ ದೃಶ್ಯವನ್ನು ಒಂದೇ ತೊಗಲಲ್ಲಿ ಕೊರೆದಿರುತ್ತಾರೆ.

"ಗೊಂಬೆ ಚೆನ್ನಾಗೈತೆ ಸ್ವಾಮಿ. ವಯಸ್ಸೇ ಸುಳ್ಳು" ಅಂದರು.

ಅವರ ಹಳೇ ಗೊಂಬೆ ಕೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಅವರೇ ಅರ್ಥಮಾಡಿಕೊಂಡು ಹೇಳಿದರು. ಮಾರುವ ಪದ್ಧತಿ ಇಲ್ಲವಂತೆ. ಆಟಕ್ಕೆ ಬಾರದಷ್ಟು ಸವೆದರೆ ಹೊಳೆಗೆ ಬಿಡುತ್ತಾರಂತೆ. ಅಂದ ಮೇಲೆ ಅಂಗಡಿಗಳಲ್ಲಿ ರಾಶಿ ರಾಶಿ 'ಪುರಾತನ' ಗೊಂಬೆ ಎಲ್ಲಿಂದ ಬರಬೇಕು, ಅಲ್ವಾ?

ಹೋಗುವ ಮುಂಚೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಒಮ್ಮೆ ಹೋಗಿ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಸೇರಿಸಿದ ತೊಗಲುಗೊಂಬೆಗಳು ಅಲ್ಲಿವೆ. ನಾನು ಹೋಗಿದ್ದು ವಾಪಸ್ ಬಂದ ಮೇಲೆ. ಮೊದಲೇ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು.

ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪುರಾವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಸ್ನೇಹಿತರು ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವ ಯೋಚನೆ ಬಿಡಿ. ವಾಪಸ್ ಬರುವಾಗ ಆ ಅಂಗಡಿಯಲ್ಲಿ ಲೈಸೆನ್ಸ್ ಕೇಳಿದೆ. ಮಾತೇ ಬದಲಾಯಿತು, 'ಅಷ್ಟೇನೂ ಹಳೇದಲ್ಲ' ಅಂದರು. ದುಡ್ಡು ಮಾತ್ರ ವಾಪಸ್ ಕೊಡಲಿಲ್ಲ. ಇನ್ನೊಂದು, ಹಿಂದೆ ಜಿಂಕೆ ಚರ್ಮದಲ್ಲೂ ಗೊಂಬೆ ಮಾಡುತ್ತಿದ್ದರು. ಜಿಂಕೆಯದ್ದು ಅಂತ ಯಾರಾದರೂ ಮಾರಲು ಬಂದರೆ ಮುಟ್ಟಲೇಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಚಿಂತಾಮಣಿಯಲ್ಲಿ ಉಳಿದ ರೂಮಿಗೆ 1,800 ಕಿತ್ತರು. ಮದುವೆ ಸೀಸನ್ ಅಂತೆ. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರಿಲ್ಲ, ರಾತ್ರಿಯೆಲ್ಲ ಕೆಳಗಡೆ ಬ್ಯಾಂಡ್. ಗದ್ದಲ ನನಗೆ ಆಗುವುದಿಲ್ಲ. ನಿಮಗೂ ಹಾಗೇ ಇದ್ದರೆ ಚಿಕ್ಕಬಳ್ಳಾಪುರದಲ್ಲೇ ಉಳಿದು ಓಡಾಡಿ.

ಊಟಕ್ಕೆ ಮಾತ್ರ ಚಿಂತಾಮಣಿಗೇ ಬನ್ನಿ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಬೋರ್ಡ್ ಕೂಡ ಇಲ್ಲದ ಮೆಸ್. ನಾಲ್ಕೇ ಟೇಬಲ್. ಹಿತಕಿದ ಅವರೆಬೇಳೆ ಸಾರು, ಬಿಸಿ ಮುದ್ದೆ, 60 ರೂಪಾಯಿ. ಒಳಗಡೆ ಇಬ್ಬರು ಹೆಂಗಸರು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತಕುತ್ತಾ ಕೂತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಟಪಟಪ ಬೀಳುತ್ತಿತ್ತು. ಸಾರಿನಲ್ಲಿ ತೆಂಗಿನಕಾಯಿ ಹದವಾಗಿತ್ತು, ಬೇಳೆ ಕರಗದೆ ಇಡಿಯಾಗಿ ನಾಲಿಗೆಗೆ ಸಿಗುತ್ತಿತ್ತು. ಮೂರು ದಿನ ಮಧ್ಯಾಹ್ನ ಅಲ್ಲೇ ಉಂಡೆ. ಎರಡನೇ ಸಲ ಸಾರು ಕೇಳಿದರೆ ಖುಷಿಯಿಂದ ಬಡಿಸುತ್ತಾರೆ. ಅವರೆ ಸೀಸನ್ ಮುಗಿಯುವ ಮುಂಚೆ ಹೋಗಿ.

ಕೊನೆಗೆ ನಾನು ತಂದಿದ್ದು ಹೊಸ ಗೊಂಬೆ. ಹಿರಿಯರ ಮಗ ಮೇಕೆ ಚರ್ಮದಲ್ಲಿ ಮಾಡಿದ ಪುಟ್ಟ ಕಿಳ್ಳೇಕ್ಯಾತ, ಆಟದಲ್ಲಿ ಬರುವ ಕರೀ ಮೈಯ ಹಾಸ್ಯಗಾರ. ಅವನ ಹೆಂಡತಿ ಬಂಗಾರಕ್ಕನ ಗೊಂಬೆಯನ್ನೂ ಜೊತೆಗೆ ಕೊಂಡೆ, ಇಬ್ಬರನ್ನು ಬೇರೆ ಮಾಡಲು ಮನಸ್ಸಾಗಲಿಲ್ಲ. ಎರಡಕ್ಕೂ ಸೇರಿ 5,000. ಚೌಕಾಸಿ ಮಾಡಲಿಲ್ಲ, ನೀವೂ ಮಾಡಬೇಡಿ.

ಗೊಂಬೆಯನ್ನು ಸುರುಳಿ ಸುತ್ತಿ ತರಬೇಡಿ, ಮಡಿಕೆ ಬಿದ್ದರೆ ಹೋಗುವುದಿಲ್ಲ. ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಸಿಕೊಳ್ಳಿ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತುಕೊಳ್ಳಿ, ಕಾದರೆ ತೊಗಲು ಸುರುಟುತ್ತದೆ.