ಖಮಾಚ್ ಎಂದರೆ ಆಚಾರ್ಯರು
ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಮೈಸೂರು ವಾಸುದೇವಾಚಾರ್ಯರ (1865–1961) ಹೆಸರೆತ್ತಿದರೆ ಮೊದಲು ನಾಲಿಗೆಗೆ ಬರುವುದು ‘ಬ್ರೋಚೇವಾರೆವರುರಾ’. ತೆಲುಗು ಕೃತಿ, ಆದಿತಾಳ, ಖಮಾಚ್ ರಾಗ. ಕಲಿಯುವವರು ಎಡವುವುದು ಆರೋಹಣದಲ್ಲೇ: ಸ ಮ ಗ ಮ ಪ ದ ನಿ ಸ. ಹತ್ತುವಾಗ ರಿಷಭವಿಲ್ಲ. ‘ಸ ರಿ ಗ ಮ’ ಎಂದು ನೇರ ಹತ್ತಿದರೆ ಅದರ ಜನಕ ರಾಗ ಹರಿಕಾಂಭೋಜಿ ಇಣುಕಿಬಿಡುತ್ತದೆ. ಇಳಿಯುವಾಗ ಏಳೂ ಸ್ವರ ಉಂಟು. ಕಾಕಲಿ ನಿಷಾದ (ತುಸು ಮೇಲಿನ ‘ನಿ’) ಅಲ್ಲಲ್ಲಿ ಸುಳಿದರೆ ಚೆಂದ, ಅದರ ಮೇಲೆ ನಿಲ್ಲಬಾರದು. ಚಿಟ್ಟೆಸ್ವರವನ್ನು (ಕೃತಿಯೊಳಗೆ ಹಾಡುವ ಸಿದ್ಧ ಸ್ವರಗುಚ್ಛ) ಮೊದಲು ನಿಧಾನಕ್ಕೆ, ಕೈಯಲ್ಲಿ ತಾಳ ಹಾಕಿಯೇ ಗಟ್ಟಿ ಮಾಡಿಕೊಳ್ಳಿ. ಓಟದಲ್ಲೇ ಕಲಿತರೆ ಪಲ್ಲವಿಯ ಎಡುಪಿಗೆ (ತಾಳದಲ್ಲಿ ಸಾಲು ಶುರುವಾಗುವ ಜಾಗ) ಮರಳುವಾಗ ತಾಳ ತಪ್ಪುತ್ತದೆ.

ಈ ಒಂದು ಹಾಡಿನ ಪ್ರಭೆಯಲ್ಲಿ ಅವರ ಎಷ್ಟೋ ಕೃತಿಗಳು ಮಂಕಾಗಿವೆ ಅನ್ನಿಸಿ ಸಂಕಟವಾಗುತ್ತದೆ. ಪಾಠ ಹೇಳುವವರೇ, ಇದು ಮುಗಿದ ಮೇಲೆ ಹಿಂದೋಳದ ‘ಮಾಮವತು ಶ್ರೀ ಸರಸ್ವತಿ’, ಆಭೇರಿಯ ‘ಭಜರೇ ರೇ ಮಾನಸ’ ಎರಡನ್ನೂ ದಯವಿಟ್ಟು ಕಲಿಸಿ.